ಲಾಗ್‌ಶೀಟಿನಲ್ಲಿದ್ದ ಆರನೆಯವನು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಎರಡನೆಯ ಮಹಾಯುದ್ಧದ ಗೂಢಲಿಪಿ ಬಿಡಿಸಿದವರ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡು. ಕನ್ನಡದಲ್ಲಿ ಈ ವಿಷಯಕ್ಕೆ ಒಂದು ಪೂರ್ಣ ಪುಟ ಸಿಗುವುದೇ ಅಪರೂಪ, ಅದಕ್ಕಾಗಿ ಲೇಖಕರಿಗೂ ನಿಮಗೂ ಕೃತಜ್ಞತೆ. ಆದರೆ ಕೊನೆಯ ಕಾಲಮ್ಮಿನಲ್ಲಿ ಅವರು ಒಂದು ಮಾತು ತೇಲಿಬಿಟ್ಟಿದ್ದಾರೆ. ಶತ್ರುವಿನ ರೇಡಿಯೊ ಸಂದೇಶಗಳ ಕಡತಗಳು ತೆರೆದುಕೊಂಡ ಮೇಲೆ ವಾಯುಯುದ್ಧದ ಇತಿಹಾಸದಲ್ಲಿ ವಿವಾದಕ್ಕೆ ಜಾಗವೇ ಉಳಿದಿಲ್ಲವಂತೆ. ಯಾರ ವಿಮಾನ ಎಷ್ಟು ಬಿತ್ತು ಎಂಬುದಕ್ಕೆ ಶತ್ರುವಿನ ಬಾಯಿಂದಲೇ ಸಾಕ್ಷಿ ಸಿಕ್ಕಿಬಿಟ್ಟಿತಂತೆ. ಇದನ್ನು ಬರೆದವರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಒಂದು ರಾತ್ರಿಪಾಳಿಯನ್ನೂ ಕಳೆದವರಲ್ಲ ಎಂದು ನನಗೆ ಖಾತ್ರಿಯಾಯಿತು.

ನಾನು ಕಳೆದಿದ್ದೇನೆ. 1968ರಲ್ಲಿ ವಾಯುಪಡೆ ಸೇರಿ, ಜಾಲಹಳ್ಳಿಯಲ್ಲಿ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತ ಕಲಿತು, ಇಪ್ಪತ್ತು ವರ್ಷ ವೈರ್‌ಲೆಸ್ ಆಪರೇಟರ್ ಆಗಿದ್ದೆ. ಶತ್ರುವಿನ ಮಾತನ್ನು ಕದ್ದು ಕೇಳುವ ಕೆಲಸ ನನ್ನದಾಗಿರಲಿಲ್ಲ. ನಮ್ಮವರು ನಮಗೇ ಕಳಿಸಿದ್ದನ್ನು ಬರೆದುಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಕಳಿಸುವವನಿಗೂ ಕೇಳುವವನಿಗೂ ಒಂದೇ ಸಂಕೇತ ಪುಸ್ತಕ, ಒಂದೇ ತರಬೇತಿ. ಕೇಳಿಸದಿದ್ದರೆ ಮತ್ತೊಮ್ಮೆ ಕಳಿಸು ಎನ್ನುವ ಅನುಕೂಲ ಬೇರೆ. ಕದ್ದು ಕೇಳುವವನಿಗೆ ಈ ಯಾವ ಅನುಕೂಲವೂ ಇಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಉತ್ತರ ಭಾರತದ ಒಂದು ಸ್ಟೇಷನ್ನಿನಲ್ಲಿ, ಚಳಿಗಾಲದ ಒಂದು ರಾತ್ರಿ, ನಾನು ಒಂದು ಸಾಮಾನ್ಯ ಸಂದೇಶ ಬರೆದುಕೊಂಡೆ. ಬೆಳಗಿನ ರೈಲಿನಲ್ಲಿ ಇಷ್ಟು ಜನ ಏರ್‌ಮನ್‌ಗಳು ಬರುತ್ತಾರೆ, ಊಟ ವಸತಿಗೆ ವ್ಯವಸ್ಥೆ ಮಾಡಿ ಎಂದು. ಮೋರ್ಸಿನಲ್ಲಿ 5 ಎಂದರೆ ಐದು ಚುಕ್ಕೆ. 6 ಎಂದರೆ ಒಂದು ಗೆರೆ, ಆಮೇಲೆ ನಾಲ್ಕು ಚುಕ್ಕೆ. ಆ ಹೊತ್ತಿಗೆ ಸರಿಯಾಗಿ ಎಲ್ಲೋ ಮಿಂಚು ಹೊಡೆದು ಹೆಡ್‌ಫೋನಿನಲ್ಲಿ ಗರಗರ ಎಂದಿತು, ಮೊದಲನೆಯ ಚುಕ್ಕೆ ಹಿಗ್ಗಿ ನನ್ನ ಕಿವಿಗೆ ಗೆರೆಯಾಗಿ ಬಿತ್ತು. ಅಂಕಿಗಳನ್ನು ಕೊನೆಯಲ್ಲಿ ಇನ್ನೊಮ್ಮೆ ಕಳಿಸುತ್ತಿದ್ದರು ನಿಜ. ಆ ಸಲ ಅದೂ ಗದ್ದಲದಲ್ಲಿ ಮುಳುಗಿತು. ಮರಳಿ ಕೇಳಬೇಕಿತ್ತು. ಕೇಳಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಇಪ್ಪತ್ತೆರಡು ವರ್ಷದ ಹುಡುಗನಿಗೆ ತನ್ನ ಕಿವಿಯ ಮೇಲೆ ಇರುವ ವಿಶ್ವಾಸ ಅಷ್ಟಿಷ್ಟಲ್ಲ.

ಆರು ಹಾಸಿಗೆ ಹಾಸಿದರು. ಬಂದವರು ಐವರು. ಆರನೆಯವನು ಎಲ್ಲಿ ಎಂದು ಕೇಳಿದರೆ, ನಾವು ಐವರೇ ಹೊರಟದ್ದು ಎಂದರು ಅವರು. ಹುಡುಗರ ಮಾತಿಗಿಂತ ಕಾಗದದ ಮಾತು ದೊಡ್ಡದಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಜೀಪು ರೈಲು ನಿಲ್ದಾಣಕ್ಕೆ ಓಡಿತು, ಸ್ಟೇಷನ್ ಮಾಸ್ತರರನ್ನು ವಿಚಾರಿಸಲಾಯಿತು, ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲೂ ಒಬ್ಬರು ಹೋಗಿ ನೋಡಿಬಂದರು. ಮಧ್ಯಾಹ್ನ ಟ್ರಂಕ್ ಕರೆ ಸಿಕ್ಕ ಮೇಲೆ ವಿಷಯ ಬಗೆಹರಿಯಿತು. ಬೈಗುಳ ನನಗೆ ಬಿತ್ತು, ಅದು ನ್ಯಾಯವೇ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಲಾಗ್‌ಶೀಟಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ನನ್ನ ಸಹಿಯ ಮೇಲೆ ಆ 6 ಹಾಗೇ ಉಳಿಯಿತು. ತಪ್ಪು ತಿದ್ದಿದ್ದು ದೂರವಾಣಿಯ ಬಾಯಿಮಾತಿನಲ್ಲಿ, ಅದಕ್ಕೆ ದಾಖಲೆಯೇ ಇಲ್ಲ. ನಾಳೆ ಯಾರಾದರೂ ಸಂಶೋಧಕರು ಆ ಲಾಗ್‌ಶೀಟನ್ನೂ ಐವರ ಹಾಜರಿ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಬ್ಬ ಏರ್‌ಮನ್ ದಾರಿಯಲ್ಲಿ ಕಾಣೆಯಾದನೆಂದು ಅಡಿಟಿಪ್ಪಣಿ ಬರೆಯುವುದು ಖಂಡಿತ.

ನಿಮ್ಮ ಲೇಖಕರ ಪರವಾಗಿ ಒಂದು ಮಾತು ಹೇಳಲೇಬೇಕು. ಜರ್ಮನರು ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುತ್ತಿದ್ದ ಎನಿಗ್ಮಾ ಯಂತ್ರದಲ್ಲಿ ಅಂಕಿಗಳ ಕೀಲಿಯೇ ಇರಲಿಲ್ಲ, ಇದ್ದದ್ದು 26 ಅಕ್ಷರಗಳು ಮಾತ್ರ. ಜರ್ಮನರು ಸಂಖ್ಯೆಗಳನ್ನು ಅಕ್ಷರದಲ್ಲೇ ಬಿಡಿಸಿ ಟೈಪ್ ಮಾಡುತ್ತಿದ್ದರು. ಹಾಗಾಗಿ ನನ್ನ ಐದು ಆರರ ಗೊಂದಲ ಅಲ್ಲಿ ಅಷ್ಟು ಸುಲಭವಾಗಿ ಆಗುತ್ತಿರಲಿಲ್ಲ. ಒಂದು ಅಕ್ಷರ ತಪ್ಪಾಗಿ ಕೇಳಿಸಿದರೆ ಒಂದು ಅಕ್ಷರವಷ್ಟೇ ಕೆಡುತ್ತಿತ್ತು. ಆದರೆ ಒಂದು ಅಕ್ಷರ ಪೂರ್ತಿ ಕೈತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಕಲಸುಮೇಲೋಗರ. ಅದನ್ನು ಮತ್ತೆ ಸಾಲಿಗೆ ತರಲು ಬ್ಲೆಚ್ಲಿಯವರು, ಅಂದರೆ ಬ್ರಿಟನ್ನಿನ ಗೂಢಲಿಪಿ ಬಿಡಿಸುವ ಕೇಂದ್ರದವರು, ಪಟ್ಟ ಪಾಡು ದೊಡ್ಡದು. ಅವರ ಪ್ರಾಮಾಣಿಕತೆಯೂ ಅಷ್ಟೇ ದೊಡ್ಡದು. ಬಿಡಿಸಿದ ಸಂದೇಶಗಳನ್ನು ಅನುವಾದಿಸಿ ಸೇನಾಪತಿಗಳಿಗೆ ಕಳಿಸುತ್ತಿದ್ದ ಹಟ್ 3 ವಿಭಾಗದವರು, ಪದ ಅಸ್ಪಷ್ಟವಾಗಿದ್ದಲ್ಲಿ ಬಲವಾದ ಸೂಚನೆ, ಸಾಧಾರಣ ಸೂಚನೆ, ಅಲ್ಪ ಸೂಚನೆ ಎಂದು ಮೂರು ಬಗೆಯ ಗುರುತು ಹಾಕುತ್ತಿದ್ದರು. ಅಂದರೆ ಇದು ನಮ್ಮ ಊಹೆ, ಇಷ್ಟರಮಟ್ಟಿಗೆ ನಂಬಬಹುದು ಎಂದು ಕೈಮುಗಿದು ಹೇಳಿದ ಹಾಗೆ. ಇತಿಹಾಸ ಬರೆಯುವವರ ಕೈಯಲ್ಲಿ ಮೊದಲು ಉದುರಿಹೋಗುವುದು ಆ ಗುರುತುಗಳೇ. ನಿಮ್ಮ ಲೇಖನದಲ್ಲಿ ಒಂದು ಕಡೆಯಾದರೂ ‘ಬಹುಶಃ’ ಎಂಬ ಪದ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

ಇನ್ನು, ಸಂದೇಶ ಸ್ಪಷ್ಟವಾಗಿಯೇ ಸಿಕ್ಕಿತು ಎಂದುಕೊಳ್ಳೋಣ. ಆಗ ನಮಗೆ ತಿಳಿಯುವುದು ಕಳಿಸಿದವನು ಏನು ನಂಬಿದ್ದ ಅಥವಾ ಮೇಲಿನವರು ಏನನ್ನು ನಂಬಬೇಕೆಂದು ಬಯಸಿದ್ದ ಎಂಬುದಷ್ಟೇ. 1944ರ ಅಕ್ಟೋಬರದಲ್ಲಿ ತೈವಾನಿನ ಆಸುಪಾಸು ನಡೆದ ಹಣಾಹಣಿಯಲ್ಲಿ ಜಪಾನಿ ಪೈಲಟ್‌ಗಳ ವರದಿಗಳನ್ನು ಕೂಡಿಸಿ ಟೋಕಿಯೊ ಸಾರಿದ ಲೆಕ್ಕ ಏನು ಗೊತ್ತೇ? ಅಮೆರಿಕದ 11 ವಿಮಾನವಾಹಕ ನೌಕೆಗಳು ಮುಳುಗಿದವು ಎಂದು. ಮುಳುಗಿದ್ದು ಒಂದೂ ಇಲ್ಲ. ಕ್ಯಾನ್‌ಬೆರಾ, ಹ್ಯೂಸ್ಟನ್ ಎಂಬ ಎರಡು ಕ್ರೂಸರ್ ಯುದ್ಧನೌಕೆಗಳು ಜೋರಾಗಿ ಪೆಟ್ಟುತಿಂದವು, ಅವನ್ನೂ ಎಳೆದುಕೊಂಡು ಹೋಗಿ ಉಳಿಸಿಕೊಂಡರು. ರಾತ್ರಿಯ ಕತ್ತಲಲ್ಲಿ ತಮ್ಮದೇ ವಿಮಾನ ಸಮುದ್ರಕ್ಕೆ ಬಿದ್ದು ಉರಿದರೂ ಹಡಗು ಉರಿಯಿತು ಎಂದುಕೊಳ್ಳುವ ಅನನುಭವಿ ಹುಡುಗರು, ಹೌದೇ ಎಂದು ಮರುಪ್ರಶ್ನೆ ಹಾಕದ ಮೇಲಧಿಕಾರಿಗಳು. ಅಂಥ ವರದಿಯನ್ನು ಒಂದಕ್ಷರವೂ ತಪ್ಪದಂತೆ ಬಿಡಿಸಿದರೆ ಕೈಗೆ ಬರುವುದು ಒಂದಕ್ಷರವೂ ತಪ್ಪಿಲ್ಲದ ಸುಳ್ಳು. ನಮ್ಮಲ್ಲಿ ಗಾಳಿಮಾತು ಎನ್ನುತ್ತೇವಲ್ಲ, ರೇಡಿಯೊದಲ್ಲಿ ಹಿಡಿದದ್ದು ಅಕ್ಷರಶಃ ಅದೇ.

ಇದು ಜಪಾನಿಗಳ ದೋಷ ಮಾತ್ರವಲ್ಲ. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ನಿನ ವಾಯುಪಡೆ ಹೇಳಿಕೊಂಡದ್ದು 185 ಜರ್ಮನ್ ವಿಮಾನ. ಯುದ್ಧ ಮುಗಿದ ಮೇಲೆ ಜರ್ಮನರ ಲೆಕ್ಕಪುಸ್ತಕ ತೆರೆದು ನೋಡಿದರೆ ಸುಮಾರು 60. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿ ಮೂವರೂ ತನ್ನದೆಂದರೆ ಲೆಕ್ಕ ಹೀಗೆಯೇ ಆಗುತ್ತದೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಜರ್ಮನ್ ಬಲ್ಲ ಹೆಣ್ಣುಮಕ್ಕಳು ಕುಳಿತು ಎದುರಾಳಿ ಪೈಲಟ್‌ಗಳ ಮಾತನ್ನು ಬರೆದುಕೊಳ್ಳುತ್ತಿದ್ದರು. ಆ ಪೈಲಟ್‌ಗಳು ಎದುರಾಳಿಯನ್ನು ಕಂಡರೆ ‘ಇಂಡಿಯಾನರ್’ ಎನ್ನುತ್ತಿದ್ದರು, ಹೊಡೆದುರುಳಿಸಿದೆ ಅನ್ನಿಸಿದರೆ ‘ಹೊರಿಡೊ’ ಎಂದು ಕೂಗುತ್ತಿದ್ದರು. ಆ ಕೂಗು ಲಾಗಿನಲ್ಲಿ ದಾಖಲಾಗಿದೆ ಎಂದ ಮಾತ್ರಕ್ಕೆ ಬ್ರಿಟಿಷರ ಒಂದು ಸ್ಪಿಟ್‌ಫೈರ್ ವಿಮಾನ ಬಿತ್ತು ಎಂದಲ್ಲ, ಒಬ್ಬ ಮನುಷ್ಯ ಉತ್ಸಾಹದಲ್ಲಿ ಕೂಗಿದ ಎಂದಷ್ಟೇ.

ನಿಜವಾದ ಲೆಕ್ಕ ಸಿಕ್ಕಿದ್ದು ಎಲ್ಲಿ ಎಂದರೆ ಬೇಸರ ತರಿಸುವಂಥ ಕಡೆ. ಜರ್ಮನ್ ವಾಯುಪಡೆಯ ಸರಬರಾಜು ನೋಡಿಕೊಳ್ಳುತ್ತಿದ್ದ ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಯ ನಷ್ಟದ ಪಟ್ಟಿಗಳಲ್ಲಿ. ಅವರಿಗೆ ಅದರಿಂದ ಪ್ರಚಾರ ಬೇಕಿರಲಿಲ್ಲ, ಬದಲಿ ವಿಮಾನ ಬೇಕಿತ್ತು. ಪೆಟ್ಟಾದ ಪ್ರತಿ ವಿಮಾನಕ್ಕೂ ಶೇಕಡಾವಾರು ಅಂಕಿ ಹಾಕುತ್ತಿದ್ದರು. 100 ಎಂದರೆ ಸಂಪೂರ್ಣ ನಾಶ. 60 ಮುಟ್ಟಿದರೂ ಆ ವಿಮಾನ ಪಟ್ಟಿಯಿಂದ ಹೊರಕ್ಕೆ. 30, 40 ಎಂದರೆ ರಿಪೇರಿಗೆ. ಸೊಸೈಟಿಯಲ್ಲಿ ಗೊಬ್ಬರದ ದಾಸ್ತಾನು ಬರೆದ ಹಾಗೆ. ‘ಒಂದು ವಿಮಾನಕ್ಕೆ ಪೆಟ್ಟು’ ಎಂಬ ರೇಡಿಯೊ ಸಂದೇಶದಲ್ಲಿ ಈ ವಿವರ ಎಲ್ಲಿಂದ ಬರಬೇಕು? ಅಷ್ಟಕ್ಕೂ 1940ರಲ್ಲಿ ಫ್ರಾನ್ಸಿನಲ್ಲಿ ಬೀಡುಬಿಟ್ಟಿದ್ದ ಜರ್ಮನ್ ದಳಗಳು ಮುಖ್ಯ ಮಾತುಗಳನ್ನೆಲ್ಲ ತಂತಿಯ ದೂರವಾಣಿಯಲ್ಲೇ ಮುಗಿಸುತ್ತಿದ್ದವು. ತಂತಿಯಲ್ಲಿ ಹೋದದ್ದು ಆಂಟೆನಾಗೆ ಸಿಗುವುದಿಲ್ಲ. ಬ್ಲೆಚ್ಲಿಯವರು ‘ಕೆಂಪು’ ಎಂದು ಕರೆಯುತ್ತಿದ್ದ ಜರ್ಮನ್ ವಾಯುಪಡೆಯ ಗೂಢಲಿಪಿಯನ್ನು ಆ ವರ್ಷದ ಮೇ ತಿಂಗಳಿನಿಂದ ಓದುತ್ತಿದ್ದರೂ ಅದರಲ್ಲಿ ಬಂದದ್ದು ನಡೆದದ್ದರಲ್ಲಿ ಒಂದು ಪಾಲು ಮಾತ್ರ.

ರೇಡಿಯೊ ಮೌನದ ವಿಷಯವೂ ಹಾಗೆಯೇ, ಸಂದೇಶ ಸಿಗಲಿಲ್ಲವೆಂದರೆ ಏನೂ ನಡೆಯುವುದಿಲ್ಲ ಎಂದಲ್ಲ. 1945ರ ಜನವರಿ 1ರ ಬೆಳಿಗ್ಗೆ ಜರ್ಮನರು ಬೆಲ್ಜಿಯಂ, ಹಾಲೆಂಡ್, ಫ್ರಾನ್ಸಿನ ಮಿತ್ರಪಡೆ ವಿಮಾನ ನಿಲ್ದಾಣಗಳ ಮೇಲೆ ಒಟ್ಟಿಗೆ ಎರಗಿದರು. ಗುಟ್ಟನ್ನು ಎಷ್ಟು ಕಾಪಾಡಿದರೆಂದರೆ ಅವರದೇ ವಿಮಾನನಿರೋಧಕ ಫಿರಂಗಿಯವರಿಗೆ ಸುದ್ದಿ ತಲುಪದೆ ಅವರು ತಮ್ಮ ವಿಮಾನಗಳನ್ನೇ ಹೊಡೆದುರುಳಿಸಿದರು. ಐದು ವರ್ಷ ಶತ್ರುವಿನ ಅಂಚೆ ಓದುತ್ತಿದ್ದವರು ಆ ದಿನ ಹಾಸಿಗೆಯಿಂದ ಎದ್ದು ಓಡಬೇಕಾಯಿತು.

ಇಂಗ್ಲೆಂಡಿನ ಕಾವೆಂಟ್ರಿ ನಗರದ ಬಗ್ಗೆ ಒಂದು ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ. 1940ರ ನವೆಂಬರ್ 14ರ ದಾಳಿ ಚರ್ಚಿಲ್ ಅವರಿಗೆ ಮೊದಲೇ ಗೊತ್ತಿತ್ತು, ಗೂಢಲಿಪಿಯ ಗುಟ್ಟು ಉಳಿಸಲು ಊರನ್ನೇ ಬಲಿಕೊಟ್ಟರು ಎಂದು ನಿಮ್ಮ ಲೇಖನ ಹೇಳುತ್ತದೆ. 1974ರಲ್ಲಿ ಆ ಗುಟ್ಟನ್ನು ಬಯಲುಮಾಡಿದ ಪುಸ್ತಕದಿಂದ ಹುಟ್ಟಿದ ಕಥೆ ಇದು. ಬರೆದವರು ಆ ಕೆಲಸದಲ್ಲೇ ಇದ್ದ ಅಧಿಕಾರಿ, ಆದರೆ ಕಡತ ಮುಂದಿಟ್ಟುಕೊಂಡು ಬರೆದವರಲ್ಲ, ನೆನಪಿನಿಂದ ಬರೆದವರು. ಕಡತ ತೆರೆದಾಗ ಕಂಡದ್ದು ಬೇರೆ. ‘ಮೂನ್‌ಲೈಟ್ ಸೊನಾಟಾ’ ಎಂಬ ಹೆಸರಿನ ದೊಡ್ಡ ದಾಳಿಯ ಸುಳಿವು ಸಂದೇಶದಲ್ಲಿತ್ತು, ಕಾವೆಂಟ್ರಿ ಎಂಬ ಊರಿನ ಹೆಸರು ಇರಲಿಲ್ಲ. ಆ ಊರಿಗೆ ಜರ್ಮನರು ಇಟ್ಟಿದ್ದ ಗುಪ್ತನಾಮ ‘ಕೋರ್ನ್’. ಆ ಪದ ಯಾವ ಊರಿನದೆಂದು ಯಾರಿಗೂ ಹೊಳೆದಿರಲಿಲ್ಲ. ದಾಳಿ ಲಂಡನ್ನಿನ ಮೇಲೆಯೇ ಎಂದುಕೊಂಡು ಚರ್ಚಿಲ್ ಊರ ಹೊರಗೆ ಹೊರಟಿದ್ದ ಕಾರನ್ನು ತಿರುಗಿಸಿ ರಾಜಧಾನಿಗೆ ವಾಪಸಾದರು. ಐನೂರಕ್ಕೂ ಹೆಚ್ಚು ಜನ ಸತ್ತ ರಾತ್ರಿಯ ಬಗ್ಗೆ ಬರೆಯುವಾಗ ಇಷ್ಟಾದರೂ ನೋಡಿಕೊಳ್ಳಬೇಕಿತ್ತು.

ಈ ಇಡೀ ವಿಷಯಕ್ಕೆ ನನ್ನ ಮೆಚ್ಚಿನ ಉದಾಹರಣೆ ಜಪಾನಿ ನೌಕಾಪಡೆಯ ದಂಡನಾಯಕ ಅಡ್ಮಿರಲ್ ಯಮಾಮೊಟೊ ಅವರದು. ಲೇಖಕರೂ ಅದನ್ನು ಗೂಢಲಿಪಿಯ ಅತಿ ದೊಡ್ಡ ಗೆಲುವೆಂದು ಬಣ್ಣಿಸಿದ್ದಾರೆ. ಗೆಲುವೇ, ಸಂಶಯವಿಲ್ಲ. 1943ರ ಏಪ್ರಿಲ್ ಮಧ್ಯದಲ್ಲಿ ಸಿಕ್ಕ ಒಂದು ಜಪಾನಿ ಸಂದೇಶದಲ್ಲಿ ಅವರ ಪ್ರವಾಸದ ವೇಳಾಪಟ್ಟಿಯೇ ಇತ್ತು. ಪೆಸಿಫಿಕ್‌ನ ಜಪಾನಿ ನೆಲೆಯಾದ ರಬೌಲ್‌ನಿಂದ ಎಷ್ಟು ಹೊತ್ತಿಗೆ ಹೊರಡುತ್ತಾರೆ, ಬಲ್ಲಾಲೆ ದ್ವೀಪಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತಾರೆ, ಬೆಂಗಾವಲಿಗೆ ಆರು ಫೈಟರ್. ಏಪ್ರಿಲ್ 18ರಂದು ಗ್ವಾಡಲ್‌ಕೆನಾಲ್‌ನಿಂದ ಹೋದ ಅಮೆರಿಕದ 16 ಪಿ-38 ಫೈಟರ್ ವಿಮಾನಗಳು ಬೂಗನ್‌ವಿಲ್ ದ್ವೀಪದ ಅಂಚಿನಲ್ಲಿ ಲೆಕ್ಕ ಹಾಕಿದ ಹೊತ್ತಿಗೇ ಅವರಿಗೆ ಎದುರಾದವು. ಇಷ್ಟರವರೆಗೆ ಸಂದೇಶದ ಮಾತು ಗಡಿಯಾರದ ಮಾತು.

ಮುಂದೆ ನೋಡಿ. ಸಂದೇಶದಲ್ಲಿ ಇದ್ದದ್ದು ಒಂದು ಬಾಂಬರ್. ಎದುರಿಗೆ ಕಂಡದ್ದು ಎರಡು. ಹಿಂತಿರುಗಿದ ಪೈಲಟ್‌ಗಳು ಹೇಳಿಕೊಂಡದ್ದು ಮೂರು ಬಾಂಬರ್, ಜೊತೆಗೆ ಬೆಂಗಾವಲಿನ ಮೂರು ಜೀರೊ ಫೈಟರ್. ಜಪಾನಿನವರ ಕಡೆಯ ದಾಖಲೆಯಲ್ಲಿ ಬಿದ್ದದ್ದು ಎರಡೇ ಬಾಂಬರ್, ಒಂದು ಕಾಡಿಗೆ, ಒಂದು ಸಮುದ್ರಕ್ಕೆ. ಆರು ಜೀರೊಗಳೂ ಮನೆ ಸೇರಿದವು. ಸಮುದ್ರಕ್ಕೆ ಬಿದ್ದ ವಿಮಾನದಲ್ಲಿದ್ದ ಉಗಾಕಿ ಎಂಬ ಇನ್ನೊಬ್ಬ ಅಡ್ಮಿರಲ್ ಬದುಕಿ ಬಂದು ದಿನಚರಿಯನ್ನೂ ಮುಂದುವರಿಸಿದರು. ಒಂದೇ ಘಟನೆಗೆ ಒಂದು, ಎರಡು, ಮೂರು ಎಂಬ ಮೂರು ಲೆಕ್ಕ. ಯಮಾಮೊಟೊ ಅವರ ವಿಮಾನವನ್ನು ಕೆಡವಿದ್ದು ಆ ಪೈಲಟ್‌ಗಳಲ್ಲಿ ಲ್ಯಾನ್ಫಿಯರೋ ಬಾರ್ಬರೋ ಎಂದು ಅಮೆರಿಕದವರೇ ದಶಕಗಳ ಕಾಲ ಜಗಳವಾಡಿದರು. ಆ ಜಗಳಕ್ಕೆ ಗೂಢಲಿಪಿಯಿಂದ ಬಿಡಿಗಾಸಿನ ಸಹಾಯವೂ ಆಗಲಿಲ್ಲ. ಬೂಗನ್‌ವಿಲ್ ಕಾಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅವಶೇಷದ ತಗಡಿನಲ್ಲಿ ಗುಂಡು ಹಿಂದಿನಿಂದ ಹೊಕ್ಕಿತ್ತು ಎಂಬುದೇ, ಹಿಂದಿನಿಂದ ಹೊಡೆದೆ ಎನ್ನುತ್ತಿದ್ದ ಬಾರ್ಬರ್ ಅವರ ಪರವಾಗಿ ನಿಂತ ಗಟ್ಟಿ ಸಾಕ್ಷಿ.

ನಾನು ಗೂಢಲಿಪಿಯ ಕಡತಗಳನ್ನು ಬಿಸಾಡಿ ಎನ್ನುತ್ತಿಲ್ಲ. ಜರ್ಮನ್ ವಾಯುಪಡೆಯ ಕಾಗದಪತ್ರಗಳಲ್ಲಿ ಬಹುಪಾಲು 1945ರಲ್ಲಿ ಸುಟ್ಟುಹೋದವು. ನಾನು ಮೇಲೆ ಹೊಗಳಿದ ನಷ್ಟದ ಪಟ್ಟಿಗಳೂ ಯುದ್ಧದ ಕೊನೆಯ ಕಾಲದಲ್ಲಿ ಹರಿದ ಚಾಪೆಯಂತೆ. ಆ ತೂತುಗಳಿಗೆ ತೇಪೆ ಹಾಕಲು ಬ್ಲೆಚ್ಲಿಯ ಹಾಳೆಗಳು ಬೇಕೇ ಬೇಕು. ಯಾವ ದಳ ಯಾವ ನಿಲ್ದಾಣದಲ್ಲಿತ್ತು, ಪೆಟ್ರೋಲಿಗೆ ಎಷ್ಟು ಪರದಾಡುತ್ತಿತ್ತು ಎಂಬುದಕ್ಕೆ ಅವು ಒಳ್ಳೆಯ ಸಾಕ್ಷಿ. ಅಂದಹಾಗೆ ಈ ಕೆಲಸ ಇಂಗ್ಲೆಂಡಿನಲ್ಲಿ ಮಾತ್ರ ನಡೆಯಲಿಲ್ಲ. ಜಪಾನಿ ಸಂದೇಶಗಳಿಗಾಗಿ ದೆಹಲಿಯ ಆನಂದ ಪರ್ಬತ್‌ನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಎಂಬ ಅಮಾಯಕ ಹೆಸರಿನ ಕೇಂದ್ರವಿತ್ತು, ಅದರ ಉಪಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇತ್ತು. ಇಂಗ್ಲೆಂಡಿಗೆ ಹೋಗಿಬಂದ ಲೇಖಕರು ಬೆಂಗಳೂರನ್ನು ಮರೆತದ್ದು ನನಗೆ ಸ್ವಲ್ಪ ನೋವಿನ ಸಂಗತಿ.

ನಮ್ಮ ಜಿಲ್ಲೆಯ ಒಂದು ಹೆಸರು ಹೇಳದೆ ಈ ಪತ್ರ ಮುಗಿಸಲಾರೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಹೆಸರಿನ ವೃತ್ತವನ್ನು ದಿನಾ ನೂರಾರು ಬಸ್ಸುಗಳು ಸುತ್ತುಹಾಕುತ್ತವೆ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮೀಸಲು ಸ್ಥಾನ. ಬೇರೊಂದು ವಿಮಾನ ಹಿಂದೆ ಸರಿದದ್ದರಿಂದ ಅವರು ಗುಂಪು ಸೇರಿದರು. ಮರಳಿ ಬರಲಿಲ್ಲ. ಏನಾಯಿತೆಂದು ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಕಾಣೆಯಾದವರ ಪಟ್ಟಿಗೆ ಅವರ ಹೆಸರು ಸೇರಿತು, ಅಷ್ಟೇ. ಮಿಸ್ಟೇರ್‌ಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಎಫ್-104 ಸ್ಟಾರ್‌ಫೈಟರ್ ವಿಮಾನವೊಂದನ್ನು ಅವರು, ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ತಿರುಗಿ ನಿಂತು, ಕೆಡವಿದ್ದರು. ಅದು ನಮಗೆ ತಿಳಿದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದು ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ. ಧುಮುಕಿ ಬದುಕುಳಿದಿದ್ದ ಆ ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಅವರ ಅನುಭವ ಅದರಲ್ಲಿತ್ತು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ.

ನಾನು ವಾಯುಪಡೆ ಸೇರಿದ್ದು ಅವರು ಹೋದ ಮೂರು ವರ್ಷಕ್ಕೆ. ನಮ್ಮ ಮೆಸ್ಸಿನಲ್ಲಿ ಕೊಡಗಿನವರು ಸೇರಿದಾಗಲೆಲ್ಲ ಅವರ ಮಾತು ಬರುತ್ತಿತ್ತು, ಮಾತು ‘ಕಾಣೆಯಾದರು’ ಎಂಬಲ್ಲಿಗೆ ನಿಲ್ಲುತ್ತಿತ್ತು. ಆ ನಸುಕಿನ ಲಾಗ್‌ಶೀಟುಗಳನ್ನೆಲ್ಲ ಗುಡ್ಡೆಹಾಕಿ ಓದಿದ್ದರೂ ನಮಗೆ ಅದಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಎದುರಾಳಿಯೇ ಬಾಯಿಬಿಟ್ಟು ಹೇಳಬೇಕಾಯಿತು.

ಕೊನೆಯದಾಗಿ ಒಂದು ಸಣ್ಣ ವಿಷಯ. ಲೇಖನದ ಜೊತೆ ‘ಎನಿಗ್ಮಾ ಯಂತ್ರ’ ಎಂಬ ಅಡಿಬರಹದ ಚಿತ್ರ ಅಚ್ಚಾಗಿದೆಯಲ್ಲ, ಭೂತಗನ್ನಡಿ ಹಿಡಿದು ನೋಡಿದೆ. ಕೀಲಿಗಳ ಮೇಲಿನ ಸಾಲಿನಲ್ಲಿ ಅಂಕಿಗಳಿವೆ. ಅದು ಯಾವುದೋ ಕಚೇರಿಯ ಹಳೆಯ ಟೈಪ್‌ರೈಟರ್.

ತಮ್ಮ ವಿಶ್ವಾಸಿ,
ವಾಯುಪಡೆಯ ನಿವೃತ್ತ ವೈರ್‌ಲೆಸ್ ಆಪರೇಟರ್
ಸೋಮವಾರಪೇಟೆ, ಕೊಡಗು ಜಿಲ್ಲೆ